ಐದನೇ ಮಹಡಿಗೆ ಹಸು ಬಂತು

ಸ್ವಂತ ಮನೆಗಾದರೆ ಹಸು, ಬಾಡಿಗೆ ಮನೆಗಾದರೆ ಬರೀ ಹಾಲು. ನಮ್ಮ ಕಡೆಯ ಪದ್ಧತಿ ಇದು. ಸ್ವಂತ ಮನೆಯವರು ಗೃಹಪ್ರವೇಶದ ದಿನ ಹಸು ಕರುವನ್ನು ಮುಂದೆ ಬಿಟ್ಟು, ಅದರ ಹಿಂದೆ ಗಂಡ ಹೆಂಡತಿ ಬಲಗಾಲಿಟ್ಟು ಒಳಗೆ ಹೋಗುತ್ತಾರೆ. ಬಾಡಿಗೆಗೆ ಹೋಗುವವರು ಪುಟ್ಟ ಪಾತ್ರೆಯಲ್ಲಿ ಹಾಲು ಉಕ್ಕಿಸಿ, ಅದಕ್ಕೇ ಸಕ್ಕರೆ ಹಾಕಿ ಕುಡಿದು, ಗಂಟುಮೂಟೆ ಬಿಚ್ಚಲು ಶುರು ಮಾಡುತ್ತಾರೆ. ಮದುವೆಯಾಗಿ ಬೆಂಗಳೂರಿಗೆ ಬಂದಾಗಿನಿಂದ ನಾನು ಹಾಲು ಉಕ್ಕಿಸುತ್ತಲೇ ಇದ್ದೇನೆ. ಯಶವಂತಪುರದ ವಠಾರದಲ್ಲಿ ಉಕ್ಕಿಸಿದೆ, ಜಾಲಹಳ್ಳಿಯಲ್ಲಿ ಉಕ್ಕಿಸಿದೆ, ಆರ್.ಟಿ. ನಗರದ ಔಟ್‌ಹೌಸಿನಲ್ಲಿ ಉಕ್ಕಿಸಿದೆ, ವಿದ್ಯಾರಣ್ಯಪುರದಲ್ಲಂತೂ ಎರಡು ಸಲ. ಇಷ್ಟು ಹಾಲು ಉಕ್ಕಿಸಿದವಳಿಗೆ ಒಂದೇ ಒಂದು ಸಲ ಹಸುವಿನ ಹಿಂದೆ ಹೋಗಬೇಕು ಅನ್ನಿಸಿದರೆ ಅದು ದುರಾಸೆಯಲ್ಲ ಅಂತ ನನ್ನ ಅಭಿಪ್ರಾಯ.

ನಾನು ರವಿಕೆ ಹೊಲಿಯುವವಳು. "ರಾಧಾಮಣಿ ಆಂಟಿ, ಗೃಹಪ್ರವೇಶ ಇದೆ, ಅರ್ಜೆಂಟು" ಅಂತ ರೇಷ್ಮೆ ಪೀಸು ಹಿಡಿದು ಬಂದವರಿಗೆಲ್ಲ ಹೊಲಿದು ಕೊಟ್ಟಿದ್ದೇನೆ. ಯಶವಂತಪುರದ ವಠಾರದಲ್ಲಿ ಎಲ್ಲರೂ ಬಾಡಿಗೆಯವರೇ, ಆದರೆ ಯಾರೂ ತಮ್ಮನ್ನು ಬಾಡಿಗೆಯವರು ಅಂದುಕೊಂಡಿರಲಿಲ್ಲ. ಒಬ್ಬೊಬ್ಬರೂ ಎಲ್ಲೋ ಒಂದು ಸೈಟಿಗೆ ಕಂತು ಕಟ್ಟುತ್ತಿದ್ದರು. ಭಾನುವಾರ ಚಿತ್ರಾನ್ನ ಕಟ್ಟಿಕೊಂಡು, ಮಕ್ಕಳನ್ನೂ ಕರೆದುಕೊಂಡು ಸೈಟು ನೋಡಲು ಹೋಗುತ್ತಿದ್ದರು. ನೋಡುವುದಕ್ಕೆ ಅಲ್ಲಿ ನಾಲ್ಕು ಮೂಲೆಕಲ್ಲು ಬಿಟ್ಟರೆ ಏನೂ ಇರುತ್ತಿರಲಿಲ್ಲ; ಆದರೂ ಹೋಗಿ ಕಣ್ತುಂಬ ನೋಡಿಕೊಂಡು ಬರುತ್ತಿದ್ದರು. ಹೀಗೆ ನೋಡುತ್ತ ನೋಡುತ್ತ ಒಂದೊಂದೇ ಸಂಸಾರ ಕಾರ್ಡು ಹಂಚಿ, ಹಸು ನುಗ್ಗಿಸಿ, ಹೊರಟುಹೋಯಿತು. "ಮುಂದಿನ್ದು ನಿಮ್ದೇ ಕಣ್ರೀ" ಅಂತ ಹೇಳಿ ಪ್ರತಿಯೊಬ್ಬಳೂ ಅರಿಶಿನ ಕುಂಕುಮದ ಜೊತೆ ಒಂದು ಸ್ಟೀಲ್ ಡಬ್ಬಿ ಕೊಟ್ಟು ಕಳಿಸಿದಳು. ನನ್ನ ಅಡುಗೆಮನೆಯ ಉಪ್ಪು, ಬೇಳೆ, ಸಾಸಿವೆ ಎಲ್ಲ ಬೇರೆಯವರ ಗೃಹಪ್ರವೇಶದ ಡಬ್ಬಿಗಳಲ್ಲೇ ಇವೆ, ಮುಚ್ಚಳದ ಮೇಲೆ ಅವರವರ ಹೆಸರು ಕೊರೆಸಿಕೊಂಡು.

ನಮ್ಮ ಯಜಮಾನರು ಅನಂತರಾಜು ಜಾಲಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದರು. ದೊಡ್ಡ ಫ್ಯಾಕ್ಟರಿಯವರಿಗೆ ಕ್ವಾರ್ಟರ್ಸ್ ಇತ್ತು, ಸೊಸೈಟಿ ಸೈಟು ಇತ್ತು. ಆ ಫ್ಯಾಕ್ಟರಿಗೆ ಬೋಲ್ಟು ಮಾಡಿಕೊಡುವ ನಮ್ಮವರಿಗೆ ಎರಡೂ ಇರಲಿಲ್ಲ. ನಾವೂ ದುಡ್ಡು ಕೂಡಿಟ್ಟೆವು. ಆದರೆ ನಮ್ಮ ಕೈ ಒಂದು ಸೈಟಿನಷ್ಟು ಉದ್ದವಾಗುವ ಹೊತ್ತಿಗೆ ಸೈಟಿನ ಬೆಲೆ ಅದರಾಚೆ ಹೋಗಿ ನಿಂತಿರುತ್ತಿತ್ತು. ಅವರದೇನೂ ತಪ್ಪಿಲ್ಲ. ಕುಡಿದವರಲ್ಲ, ಜೂಜಾಡಿದವರಲ್ಲ. ಒಳ್ಳೆಯ ಮನುಷ್ಯ, ಮಾತು ಮಾತ್ರ ಕಮ್ಮಿ. ಗೋಡೆಗೆ ಮೊಳೆ ಹೊಡೆಯಬೇಡಿ ಅಂತ ಓನರ್ ಹೇಳಿದರೆ, ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟುವ ಜಾತಿ.

ಮಗಳು ಮೋನಿಕಾ ಏರ್‌ಪೋರ್ಟಿನ ಚೆಕ್-ಇನ್ ಕೌಂಟರಿನಲ್ಲಿದ್ದಾಳೆ. ಅವಳು ಸಂಬಳ ತರಲು ಶುರು ಮಾಡಿದ ಮೇಲೆ ನನ್ನ ಹಳೆಯ ಆಸೆ ಮತ್ತೆ ತಲೆ ಎತ್ತಿತು. ಒಂದು ದಿನ ಬಾಯಿ ಬಿಟ್ಟೆ. "ಸಾಲ ಸಿಗುತ್ತಂತಲ್ಲೇ, ಒಂದು ಚಿಕ್ಕ ಫ್ಲಾಟ್ ನೋಡೋಣ್ವಾ?"

"ಯಾಕಮ್ಮ? ನಾನು ರಿಟೈರ್ ಆಗೋವರ್ಗೂ ಬ್ಯಾಂಕಿಗೆ ದುಡೀಲಾ? ನಮ್ ಟೀಮಲ್ಲಿ ಯಾರ್ಗೂ ಸ್ವಂತ ಮನೆ ಇಲ್ಲ, ಯಾರ್ಗೂ ಬೇಕಾಗೂ ಇಲ್ಲ. ಬಾಡಿಗೆ ಅಂದ್ರೆ ಫ್ರೀಡಂ ಕಣಮ್ಮ."

ಅವಳ ಮಾತು ಅವಳಿಗೆ ಸರಿಯೇ. ಅವಳ ಗೆಳತಿಯರು ಸೋಫಾ ಬಾಡಿಗೆಗೆ ತರುತ್ತಾರೆ, ಫ್ರಿಜ್ಜು ಬಾಡಿಗೆಗೆ ತರುತ್ತಾರೆ, ಮಂಚ ಕೂಡ ಬಾಡಿಗೆಯದೇ. ಮಂಚದ ಬಾಡಿಗೆ ಕಟ್ಟಿಕೊಂಡು ನೆಮ್ಮದಿಯಾಗಿ ನಿದ್ದೆ ಹೇಗೆ ಬರುತ್ತದೋ ನನಗಂತೂ ತಿಳಿಯದು. ಸ್ವಂತ ಮನೆ ಈ ಜನ್ಮಕ್ಕಿಲ್ಲ ಅಂತ ಅವತ್ತೇ ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಹೂಂ ಅಂದಿತು, ಆದರೆ ಬೇರೆಯವರ ಗೃಹಪ್ರವೇಶದ ರವಿಕೆಗೆ ಹುಕ್ಸು ಹಾಕುವಾಗ, ಹಸು ಎಷ್ಟು ಹೊತ್ತಿಗೆ ಬರುತ್ತೆ ಅಂತ ಕೇಳುವುದನ್ನು ಬಿಡಲಿಲ್ಲ.

ಹೋದ ವರ್ಷ ವಿದ್ಯಾರಣ್ಯಪುರದ ಓನರ್ ನಾವಿದ್ದ ಮನೆಯನ್ನು ಪಿ.ಜಿ. ಮಾಡುತ್ತೇನೆ ಅಂದರು. ಒಂದು ಸಂಸಾರದ ಬಾಡಿಗೆಗಿಂತ ಒಂದೊಂದು ರೂಮಿಗೆ ಮೂರು ಮಂಚ ಹಾಕಿದರೆ ಲಾಭವಂತೆ. ಮತ್ತೆ ಮನೆ ಹುಡುಕಾಟ. ಮೋನಿಕಾಳ ಕೆಲಸಕ್ಕೂ ಹತ್ತಿರವಾಗಲಿ ಅಂತ ಯಲಹಂಕದ ಕಡೆ ನೋಡಿ, ಕೊನೆಗೆ ಅಟ್ಟೂರಿನಲ್ಲಿ ಒಂದು ಹೊಸ ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿ ಮನೆ ಸಿಕ್ಕಿತು. ಇನ್ನೂ ಬಣ್ಣದ ವಾಸನೆ ಹೋಗಿರಲಿಲ್ಲ. ಯಾರೂ ವಾಸ ಮಾಡಿರದ ಮನೆ. ಯಾರದೋ ಒಗ್ಗರಣೆಯ ಜಿಡ್ಡು, ಯಾರದೋ ಮಗು ಗೀಚಿದ ಪೆನ್ಸಿಲ್ಲು, ಏನೂ ಇಲ್ಲದ ಗೋಡೆಗಳನ್ನು ನಾನು ನನ್ನ ಸಂಸಾರದಲ್ಲಿ ಮೊದಲ ಸಲ ಕಂಡದ್ದು ಅಲ್ಲಿ.

ಮನೆಯ ಒಡತಿ ಮುನಿವೆಂಕಟಮ್ಮ. ಅಪಾರ್ಟ್‌ಮೆಂಟ್ ನಿಂತಿರುವ ಜಾಗ ಅವರ ರಾಗಿ ಹೊಲ. ಬಿಲ್ಡರಿಗೆ ಹೊಲ ಕೊಟ್ಟು, ತಮ್ಮ ಪಾಲಿಗೆ ಕೆಲವು ಫ್ಲಾಟುಗಳನ್ನು ತೆಗೆದುಕೊಂಡಿದ್ದರು. ಅವರ ವಾಸ ನಮ್ಮ ಎದುರು ಬಾಗಿಲಿನಲ್ಲೇ. ಎಲೆಯಡಿಕೆ ಹಾಕಿಕೊಂಡು ಉಗಿಯಲು ಜಾಗ ಸಿಗದೆ ಒದ್ದಾಡುವ ಹೆಂಗಸು. ನನ್ನನ್ನು ಕಂಡ ಮೊದಲ ದಿನವೇ ಇಷ್ಟಪಟ್ಟರು. ಅಡ್ವಾನ್ಸ್ ಕೊಟ್ಟು ಬಂದ ಮೇಲೆ ಒಂದು ಬೆಳಿಗ್ಗೆ ಫೋನ್ ಮಾಡಿ, "ಬಂದೋಗವ್ವ, ಒಂದ್ ಇಚಾರ ಐತೆ" ಅಂದರು.

ಹೋದೆ. ವಿಚಾರ ಇಷ್ಟೇ. ಹೊಸ ಮನೆಯನ್ನು ಬಾಡಿಗೆಗೆ ಕೊಡುವ ಮುಂಚೆ ಗೃಹಪ್ರವೇಶ ಆಗಬೇಕು. ಮುನಿವೆಂಕಟಮ್ಮನವರ ಗಂಡ ತೀರಿಕೊಂಡಿದ್ದಾರೆ, ಹಾಗಾಗಿ ಪೂಜೆಗೆ ಮಗ ಸೊಸೆ ಕೂರಬೇಕು. ಇಬ್ಬರು ಮಕ್ಕಳು, ನಾಗಭೂಷಣ ಮತ್ತು ಸುಬ್ರಮಣಿ. ಉಳಿದ ಫ್ಲಾಟುಗಳೆಲ್ಲ ಹಂಚಿಕೆಯಾಗಿವೆ. ಈ ಒಂದು ಮಾತ್ರ ಯಾರಿಗೆ ಅಂತ ತೀರ್ಮಾನವಾಗಿಲ್ಲ. ಪೂಜೆಗೆ ನಾಗಭೂಷಣ ಕೂತರೆ ಮನೆ ಅವನದಾಯಿತು ಅಂತ ಸುಬ್ರಮಣಿ ರಗಳೆ ತೆಗೆಯುತ್ತಾನೆ. ಸುಬ್ರಮಣಿ ಕೂತರೆ ನಾಗಭೂಷಣ. ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿ ಬಹಳ ಕಾಲವಾಗಿದೆ.

"ಅದ್ಕೇ ನಾನು ಇಂಗೆ ಅನ್ಕಂಡೆ. ನೀನೂ ನಿನ್ ಗಂಡನೂ ಕುಂತ್ಕಳಿ. ಎಂಗೂ ನೀವೇ ಬಾಳೋರು. ನಿಮ್ ಕುಟೆ ಯಾವನ್ ಜಗಳ ಆಡ್ತಾನೆ?"

"ಹಸು ಬರುತ್ತಾ ಅಮ್ಮಾ?" ಅಂತ ಕೇಳಿದೆ.

"ಅಸ ಬರ್ದೆ ಗೃಹಪ್ರವೇಸ ಎಂಗಾಯ್ತದೆ? ಪಿಳ್ಳಪ್ಪಂಗೆ ಯೋಳಿವ್ನಿ. ಲಿಫ್ಟ್‌ನಾಗೆ ಇಡಿಯೋವಂತ ಗಿಡ್ಡ ಅಸ ಮಡಿಕಂಡವ್ನೆ."

ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು ಬೇಡ ಅಂದರು. "ಯಾರ್ದೋ ಮನೇಗೆ ನಾವ್ ಯಾಕೆ ಕೂತ್ಕೋಬೇಕು ರಾಧಾ? ಚೆನ್ನಾಗಿರಲ್ಲ." ಮೋನಿಕಾ ನಕ್ಕಳು. "ಅಪ್ಪ, ಫ್ರೀಯಾಗಿ ಸಿಗ್ತಿದೆ, ಮಾಡ್ಕೊಳ್ಳಿ ಬಿಡಿ." ನಾನು ಯಾರ ಮಾತನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಬೀರುವಿನ ತಳದಲ್ಲಿ ಮಾವಿನೆಲೆ ಬಣ್ಣದ ಒಂದು ರೇಷ್ಮೆ ಸೀರೆ ಇತ್ತು, ನಮ್ಮ ಗೃಹಪ್ರವೇಶಕ್ಕೆ ಅಂತ ಎತ್ತಿಟ್ಟದ್ದು. ಅದರ ರವಿಕೆ ಪೀಸನ್ನು ಹೊಲಿಯದೆ ಬಿಟ್ಟಿದ್ದೆ. ಆ ವಾರ ಗಿರಾಕಿಗಳ ಬಟ್ಟೆಯೆಲ್ಲ ಪಕ್ಕಕ್ಕಿಟ್ಟು ನನ್ನ ರವಿಕೆ ಹೊಲಿದುಕೊಂಡೆ.

ಪೂಜೆಯ ದಿನ ಪಿಳ್ಳಪ್ಪ ಹೇಳಿದ ಹೊತ್ತಿಗೆ ಬಂದ. ಪುಂಗನೂರು ತಳಿಯ ಹಸು, ಸೊಂಟದೆತ್ತರ ಅಷ್ಟೇ, ಜೊತೆಗೆ ನಾಯಿಮರಿಯಷ್ಟು ಕರು. ಸಾಮಾನು ಸಾಗಿಸುವ ಲಿಫ್ಟಿಗೆ ಗೋಣಿಚೀಲ ಹಾಸಿ ಹಸುವನ್ನು ನಿಲ್ಲಿಸಿದ. ನಾವೆಲ್ಲ ಐದನೇ ಮಹಡಿಯಲ್ಲಿ ಕಾಯುತ್ತಿದ್ದೆವು. ಲಿಫ್ಟಿನ ಬಾಗಿಲು ತೆರೆಯಿತು. ಹಸು ಒಳಗಿನ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತ ನಿಂತಿತ್ತು, ಹೊರಗೆ ಬರಲು ಅದಕ್ಕೇನೂ ಅವಸರ ಇರಲಿಲ್ಲ.

"ಇವ್ಳಿಗೆ ಲಿಫ್ಟ್ ಅಂದ್ರೆ ಬಲೇ ಇಷ್ಟ ಕಣಕ್ಕ," ಅಂದ ಪಿಳ್ಳಪ್ಪ. "ಮೊನ್ನೆ ಹೆಬ್ಬಾಳದಾಗೆ ಹದಿನೆಂಟನೇ ಮಹಡಿ. ಇಳಿಯಲ್ಲ ಅಂತ ಹಟ."

ಬೆಲ್ಲ ಅಕ್ಕಿ ತೋರಿಸಿದ ಮೇಲೆ ಬಂತು. ನಾನು ಅದರ ಹಣೆಗೆ ಅರಿಶಿನ ಕುಂಕುಮ ಇಟ್ಟೆ, ಕಾಲಿಗೆ ನೀರು ಬಿಟ್ಟೆ. ಬೇರೆಯವರ ಮನೆಯಲ್ಲಿ ಎಷ್ಟೋ ಸಲ ಹತ್ತಿರ ನಿಂತು ನೋಡಿದ ಕೆಲಸ, ಕೈಗೆ ತಾನಾಗಿ ಬಂತು. ಹಸು ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತಿತು. ಆಮೇಲೆ ಅದು ತಲೆ ತಗ್ಗಿಸಿ, ಗೊರಸು ಸದ್ದು ಮಾಡುತ್ತ ಟೈಲ್ಸಿನ ಮೇಲೆ ನಡೆದುಕೊಂಡು ಒಳಗೆ ಹೋಯಿತು. ಕರು ಹೋಯಿತು. ಕಳಶ ಹಿಡಿದು ನಾನೂ ನಮ್ಮವರೂ ಹೋದೆವು. ನನಗೆ ಅಳು ಬಂತು. ಹೊಗೆ ಅಂತ ಯಾರಾದರೂ ಅಂದುಕೊಳ್ಳಲಿ ಎಂದರೆ ಹೋಮ ಇನ್ನೂ ಶುರುವಾಗಿರಲಿಲ್ಲ.

ಪುರೋಹಿತರು ನಮ್ಮಿಬ್ಬರ ಕೈಗೂ ಕಂಕಣ ಕಟ್ಟಿದರು. ಅಕ್ಷತೆ ಕೊಟ್ಟು, ಸಂಕಲ್ಪಕ್ಕೆ ಶುರು ಮಾಡಿ, "ಯಜಮಾನ್ರ ಹೆಸರು? ಗೋತ್ರ?" ಅಂದರು.

ನಮ್ಮವರು ತಡವರಿಸಿದರು. "ಮನೆ ಅವರದು ಸ್ವಾಮಿ. ಅವರ ಹೆಸರು ಹೇಳ್ಬಿಡಿ."

"ಕಂಕಣ ನಿಮ್ಮ ಕೈಯಲ್ಲಿದೆಯಲ್ಲ. ಕೂತವರ ಹೆಸರಲ್ಲೇ ಸಂಕಲ್ಪ ಆಗಬೇಕು. ಇಲ್ಲದಿದ್ದರೆ ಫಲ ಯಾರಿಗೂ ಇಲ್ಲ."

ಹಿಂದೆ ಕೂತಿದ್ದ ಮುನಿವೆಂಕಟಮ್ಮ, "ಅವರ್ದೇ ಯೋಳ್ಕಳಿ ಸಾಮಿ, ನನ್ ಮಕ್ಳು ಯೆಸ್ರು ಮಾತ್ರ ಬ್ಯಾಡ" ಅಂದರು. ನಮ್ಮವರು ಇನ್ನೂ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಾನು ಹೇಳಿಬಿಟ್ಟೆ. ಅವರ ಹೆಸರು, ನನ್ನ ಹೆಸರು, ಮಗಳ ಹೆಸರು, ನಕ್ಷತ್ರ, ಗೋತ್ರ. ಪುರೋಹಿತರಿಗೆ ಕೇಳಿಸುವುದಕ್ಕೆ ಬೇಕಾದದ್ದಕ್ಕಿಂತ ಜೋರಾಗಿಯೇ ಹೇಳಿದೆ. ಅವರು ಅದನ್ನೆಲ್ಲ ಸಂಸ್ಕೃತದಲ್ಲಿ ಸೇರಿಸಿ, ಅನಂತರಾಜನೂ ಧರ್ಮಪತ್ನಿ ರಾಧಾಮಣಿಯೂ ಈ ನೂತನ ಗೃಹವನ್ನು ಪ್ರವೇಶ ಮಾಡುತ್ತಿದ್ದಾರೆ ಅಂತ ಹೇಳಿದರು. ಸಂಸ್ಕೃತ ನನಗೆ ಬರುವುದಿಲ್ಲ. ಆದರೆ ನನ್ನ ಹೆಸರು ನನಗೆ ತಿಳಿಯುತ್ತದೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಮನೆ ಅದೇ, ಬಾಡಿಗೆ ಅದೇ, ಒಂದನೇ ತಾರೀಕು ಬಂದರೆ ಕಟ್ಟಲೇಬೇಕು, ಎಲ್ಲ ಗೊತ್ತಿತ್ತು. ಆದರೂ ನಾನು ಹೊಸ್ತಿಲಿಗೆ ಅರಿಶಿನ ಹಚ್ಚುವ ರೀತಿ ಬೇರೆಯಾಯಿತು. ನಮ್ಮವರು ಒಂದು ಸಂಜೆ ಯಾರನ್ನೂ ಕೇಳದೆ ಡ್ರಿಲ್ಲಿಂಗ್ ಮಷೀನ್ ತಂದು, ನಡುಮನೆಯ ಗೋಡೆಗೆ ತೂತು ಕೊರೆದು, ತಮ್ಮ ಅಪ್ಪ ಅಮ್ಮನ ಫೋಟೋ ನೇತುಹಾಕಿದರು. ಇಷ್ಟು ವರ್ಷ ಆ ಫೋಟೋ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗಿತ್ತು. ನೇತುಹಾಕಿ, ದೂರ ನಿಂತು, ಸೊಟ್ಟಗಿದೆಯಾ ಅಂತ ನನ್ನನ್ನು ಕೇಳಿದರು. ಸ್ವಲ್ಪ ಸೊಟ್ಟಗಿತ್ತು. ಇಲ್ಲ, ಸರಿಯಾಗಿದೆ ಅಂದೆ.

ಮಧ್ಯಾಹ್ನದ ಹೊತ್ತು ಮುನಿವೆಂಕಟಮ್ಮ ಕಾರಿಡಾರಿನಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದರು. "ಈ ಲಿಫ್ಟ್ ಐತಲ್ಲ, ಇಲ್ಲೇ ನಮ್ ರಾಗಿ ಮೆದೆ ಒಟ್ತಾ ಇದ್ದಿದ್ದು. ಅಗೋ, ಆ ಕಾರು ನಿಂತೈತಲ್ಲ, ಅಲ್ಲಿ ಬಾವಿ." ಅವರಿಗೆ ಎತ್ತ ನೋಡಿದರೂ ಮನೆಗಳೇ, ಆದರೆ ಒಂದು ಹಸು ಕಟ್ಟಲು ಗೂಟ ಹೊಡೆಯುವಷ್ಟು ನೆಲ ಇಲ್ಲ. ಇದು ಅವರ ಕೊರಗು. ನನ್ನ ಕೊರಗನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ದಿನಗಳಲ್ಲಿ ನನಗೆ ಕೊರಗು ಇರಲೂ ಇಲ್ಲ.

ಪೂಜೆಯ ದಿನ ಅವರ ನೆಂಟರ ಹುಡುಗಿಯೊಬ್ಬಳು ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡಿದ್ದಳು. ಅದು ಅವರ ಕುಟುಂಬದ ಗ್ರೂಪಿಗೆ ಹೋಗಿ, ಅಲ್ಲಿಂದ ನಾಗಭೂಷಣ ಮತ್ತು ಸುಬ್ರಮಣಿ ಇಬ್ಬರ ಕಿವಿಗೂ ನಮ್ಮ ಹೆಸರು ಬಿತ್ತು. ತಿಂಗಳು ತುಂಬುವ ಮುಂಚೆ, ಒಂದು ಭಾನುವಾರ ಬೆಳಿಗ್ಗೆ, ಇಬ್ಬರೂ ಬಂದು ನಮ್ಮ ಬಾಗಿಲು ತಟ್ಟಿದರು. ಇಬ್ಬರೂ ಒಟ್ಟಿಗೆ.

ಕೂಗಾಡಲಿಲ್ಲ, ಅದನ್ನು ಹೇಳಬೇಕು. ನಾಗಭೂಷಣ ಕಾಫಿ ಕೂಡ ಕುಡಿದ.

"ತಪ್ಪು ತಿಳ್ಕೋಬೇಡಿ ಆಂಟಿ," ಅಂದ. "ಅಮ್ಮಂಗೆ ಲೋಕ ಜ್ಞಾನ ಇಲ್ಲ. ಬಾಡಿಗೇಗೆ ಬಂದೋರ ಹೆಸರಲ್ಲಿ ಗೃಹಪ್ರವೇಶ ಮಾಡ್ಸಿದ್ದಾರೆ. ನಾಳೆ ಯಾರಾದ್ರೂ ಆ ವಿಡಿಯೋ ಇಟ್ಕೊಂಡು ಮನೆ ನಮ್ದು ಅಂದ್ರೆ?"

"ನಾವ್ ಯಾಕಪ್ಪ ಹಾಗಂತೀವಿ?" ಅಂದರು ನಮ್ಮವರು.

"ನೀವು ಅನ್ನಲ್ಲ ಅಂಕಲ್. ಆದ್ರೆ ಕಾಲ ಹಂಗಿದೆ." ಇದು ಸುಬ್ರಮಣಿ. "ಅಲ್ದೆ ಜೋಯಿಸರನ್ನ ಕೇಳಿದ್ವಿ. ಮನೆ ಫಲ ಎಲ್ಲ ನಿಮಗೇ ಬಂದ್ಬಿಟ್ಟಿದೆಯಂತೆ. ನಾವಿಬ್ರೂ ಕೂತು ಮತ್ತೆ ಮಾಡ್ಬೇಕಂತೆ, ಖಾಲಿ ಮನೇಲಿ."

ಖಾಲಿ ಮನೆಯಲ್ಲಿ. ಅಡ್ವಾನ್ಸನ್ನು ಒಂದು ರೂಪಾಯಿ ಹಿಡಿಯದೆ ವಾಪಸು ಕೊಟ್ಟರು. ಗೋಡೆಯ ತೂತಿಗೂ ಏನೂ ಅನ್ನಲಿಲ್ಲ. ಜಗಳವಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅಷ್ಟು ಮರ್ಯಾದೆಯಿಂದ ಹೊರಗೆ ಹಾಕಿದರೆ ಏನು ಮಾಡುವುದು. ಅಗ್ರಿಮೆಂಟ್ ಇದೆ, ಹನ್ನೊಂದು ತಿಂಗಳು ಅವರೇನೂ ಮಾಡೋಕಾಗಲ್ಲ, ನಾನು ಕೇಳ್ತೀನಿ ಅಂತ ಮೋನಿಕಾ ಎಗರಿದಳು. ನಮ್ಮವರು ಬೇಡ ಅಂದರು. ನಾನೂ ಬೇಡ ಅಂದೆ. ಅವರು ಹೆದರಿದ್ದು ಸುಳ್ಳೇನೂ ಅಲ್ಲ ಅಂತ ನನಗೆ ಒಳಗೇ ಗೊತ್ತಿತ್ತು. ಕೋರ್ಟಿಗೆ ಹೋಗುತ್ತಿರಲಿಲ್ಲ ನಿಜ. ಆದರೆ ಆ ಮನೆ ನನ್ನದು ಅಂತ ನಾನು ದಿನವೂ ಅಂದುಕೊಳ್ಳುತ್ತಿದ್ದೆ.

ಮುನಿವೆಂಕಟಮ್ಮ ಹೊರಡುವ ದಿನ ತಟ್ಟೆಯಲ್ಲಿ ಸೀರೆ, ಬಳೆ, ಬಾಳೆಹಣ್ಣು ಇಟ್ಟುಕೊಂಡು ಬಂದರು. ಕಣ್ಣು ಒದ್ದೆಯಾಗಿತ್ತು.

"ನಿನ್ನ ಕಳ್ಸಕ್ಕೆ ನಂಗೆ ಮನ್ಸಿಲ್ಲ ಕಣವ್ವ. ಪತ್ರ ನನ್ ಯೆಸ್ರಾಗೈತೆ, ಮಾತು ನಂದು ನಡೆಯಕಿಲ್ಲ." ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಆದ್ರೂ ಒಂದ್ ಮಾತ್ ಯೋಳ್ತೀನಿ, ಬೇಜಾರ್ ಮಾಡ್ಕಬೇಡ. ನನ್ ಮಕ್ಳು ಇಬ್ರೂ ಒಂದೇ ತಟ್ಟೇನಾಗೆ ನೆನ್ನೆ ಉಂಡ್ರು. ಅವ್ರಪ್ಪ ಓದ್ಮ್ಯಾಕೆ ಇದೇ ಮೊದ್ಲು."

ಬೇಜಾರು ಮಾಡಿಕೊಳ್ಳಬೇಡ ಅಂದರೆ ಆಗುತ್ತದೆಯೇ. ಆದರೆ ಆ ಮುದುಕಿಯ ಮುಖದ ಸಂತೋಷ ನೋಡಿ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಕೆಳಗೆ ಬಂದಾಗ ಗೇಟಿನ ಹತ್ತಿರ ಪಿಳ್ಳಪ್ಪ ಸಿಕ್ಕ, ನಾಳಿನ ಪೂಜೆಯ ಹೊತ್ತು ಕೇಳಿಕೊಂಡು ಹೋಗಲು ಬಂದಿದ್ದ. ನಮ್ಮ ಟೆಂಪೋ ನೋಡಿ ಅವನಿಗೆ ಅರ್ಥವಾಯಿತು. ಹೊಲಿಗೆ ಮಷೀನಿಗೆ ಒಂದು ಕೈ ಕೊಟ್ಟು ಎತ್ತಿದ.

ಈಗ ನಾವು ಹೆಬ್ಬಾಳದಲ್ಲಿದ್ದೇವೆ. ಅಟ್ಟೂರಿನದಕ್ಕಿಂತ ದೊಡ್ಡ ಮನೆ, ಬಾಲ್ಕನಿಯಿಂದ ಕೆರೆ ಕಾಣುತ್ತದೆ, ಗಾಳಿ ಚೆನ್ನಾಗಿದೆ. ಮೋನಿಕಾ ಖುಷಿಯಾಗಿದ್ದಾಳೆ. ಓನರ್ ದುಬೈಯಲ್ಲಿರುವುದರಿಂದ ಎಲ್ಲ ವ್ಯವಹಾರ ಬ್ರೋಕರ್ ಖಾದರ್ ಬಾಷಾ ಅವರದು, ಮೃದು ಮಾತಿನ ಮನುಷ್ಯ. ಬೀಗದ ಕೈ ಕೊಟ್ಟ ದಿನ ನಾನು ಸ್ಟೌ ಹಚ್ಚಿ ಹಾಲು ಇಟ್ಟಿದ್ದೆ. ಅವರು ಊಟದ ಮೇಜಿನ ಮುಂದೆ ಕೂತು, ಅಗ್ರಿಮೆಂಟಿಗೆ ಬೇಕಾದ ವಿವರಗಳನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಿದ್ದರು.

"ಖಾಯಂ ವಿಳಾಸ ಏನು ಬರ್ಕೊಳ್ಳಲಿ ಮೇಡಂ?"

ಪ್ರತಿ ಸಲ ಈ ಪ್ರಶ್ನೆ ಬರುತ್ತದೆ. ಪ್ರತಿ ಸಲವೂ ನಾವು ಮಧುಗಿರಿಯ ಹತ್ತಿರದ ನಮ್ಮ ಮಾವನವರ ಮನೆಯ ವಿಳಾಸ ಹೇಳುತ್ತೇವೆ. ಆ ಮನೆಯಲ್ಲಿ ಈಗ ಯಾರಿದ್ದಾರೋ ನಮಗೇ ಸರಿಯಾಗಿ ತಿಳಿಯದು. ಹಾಲಿನ ಮೇಲೆ ಕಣ್ಣಿಟ್ಟುಕೊಂಡೇ ನಾನು ಹೇಳಿದೆ. ಅಪಾರ್ಟ್‌ಮೆಂಟಿನ ಹೆಸರು ಹೇಳಿದೆ, ಐದನೇ ಮಹಡಿ ಅಂದೆ, ಬಾಗಿಲ ನಂಬರು ಹೇಳಿದೆ, ಅಟ್ಟೂರು, ಯಲಹಂಕ ಅಂದೆ.

ಖಾದರ್ ಬಾಷಾ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಅಲ್ಲಿ ನಿಮ್ದು ಸ್ವಂತ ಮನೆ ಇದೆಯಾ ಸಾರ್?"

ನಮ್ಮವರು ಅಪ್ಪ ಅಮ್ಮನ ಫೋಟೋದ ಧೂಳು ಒರೆಸುತ್ತ ನಿಂತಿದ್ದರು. ನನ್ನ ಕಡೆ ನೋಡಿದರು. ನಾನು ತಿರುಗಿ ನೋಡಲಿಲ್ಲ.

"ಹೂಂ," ಅಂದರು. "ಬರ್ಕೊಳ್ಳಿ."